ತದ್ಧಿತ ವಿನೋದ: ಹೊರಗಿನ ಮಾತಿಗೆ ಕನ್ನಡದ ಪ್ರತ್ಯಯ

ಒಂದು ಭಾಷೆ ಚೈತನ್ಯಶೀಲವಾಗಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಅನೇಕ ಒರೆಗಲ್ಲುಗಳುಂಟು. ಆ ಭಾಷೆಯನ್ನಾಡುವ ಜನರ ಸಂಖ್ಯೆಯನ್ನು ಕೆಲವರು ಎಣಿಸುತ್ತಾರೆ. ಅದರಲ್ಲಿ ಹುಟ್ಟಿದ ಗ್ರಂಥಗಳನ್ನು ಕೆಲವರು ಎಣಿಸುತ್ತಾರೆ. ವ್ಯಾಕರಣವನ್ನು ಓದಿದವನಿಗೆ ಮೂರನೆಯ ಒರೆಗಲ್ಲೊಂದು ಕಾಣುತ್ತದೆ. ಹೊರಗಿನಿಂದ ಬಂದ ಹೊಸ ಮಾತಿನ ಮೇಲೆ ಆ ಭಾಷೆಯ ಪ್ರತ್ಯಯಗಳು ಇಂದಿಗೂ ಹತ್ತುತ್ತವೆಯೇ ಎಂಬುದೇ ಆ ಪರೀಕ್ಷೆ. ಹತ್ತಿದರೆ ಭಾಷೆಗೆ ಜೀರ್ಣಶಕ್ತಿಯಿದೆ ಎಂದು ಅರ್ಥ. ಹತ್ತದಿದ್ದರೆ ಅದು ಉಂಡದ್ದನ್ನು ಅರಗಿಸಿಕೊಳ್ಳಲಾರದ ಸ್ಥಿತಿಯಲ್ಲಿದೆ ಎಂದು ತಿಳಿಯಬೇಕು.

ಈ ಪರೀಕ್ಷೆಗೆ ಗಂಭೀರ ಗ್ರಂಥಗಳಿಗಿಂತ ಜನರು ನಗೆಗಾಗಿ ಕಟ್ಟುವ ಮಾತುಗಳೇ ಹೆಚ್ಚು ಉಪಯುಕ್ತ. ಏಕೆಂದರೆ ಹಾಸ್ಯದಲ್ಲಿ ಮಾತನಾಡುವವನು ನಿಘಂಟನ್ನು ತೆರೆದು ನೋಡುವುದಿಲ್ಲ. ಅವನ ನಾಲಗೆಯಲ್ಲಿ ವ್ಯಾಕರಣವು ತಾನಾಗಿಯೇ ನಡೆಯುತ್ತದೆ. ಪ್ರಕೃತ ಲೇಖನದಲ್ಲಿ ಅಂತಹ ವಿನೋದದ ತದ್ಧಿತಗಳನ್ನು, ವಿಶೇಷವಾಗಿ ಇಂಗ್ಲಿಷ್ ಮಾತುಗಳಿಗೆ ಹತ್ತಿದ ನಮ್ಮ ಪ್ರತ್ಯಯಗಳನ್ನು, ವಿದ್ಯಾರ್ಥಿಗಳ ಉಪಯೋಗಕ್ಕಾಗಿ ವಿಚಾರಿಸಲಾಗುವುದು.

ತದ್ಧಿತವೆಂದರೇನು?

ನಾಮಪ್ರಕೃತಿಗಳ ಮೇಲೆ ಬೇರೆ ಬೇರೆ ಅರ್ಥಗಳಲ್ಲಿ ಸೇರಿ ಹೊಸ ನಾಮಪದಗಳನ್ನು ಉಂಟುಮಾಡುವ ಪ್ರತ್ಯಯಗಳಿಗೆ ತದ್ಧಿತ ಪ್ರತ್ಯಯಗಳೆಂದು ಹೆಸರು. ಧಾತುಗಳ ಮೇಲೆ ಬರುವವು ಕೃತ್ ಪ್ರತ್ಯಯಗಳು. 'ಓಡು' ಧಾತುವಿನಿಂದ 'ಓಟ' ಕೃದಂತ. 'ಬಳೆ' ಎಂಬ ನಾಮದಿಂದ 'ಬಳೆಗಾರ' ತದ್ಧಿತಾಂತ. ಕೇಶಿರಾಜನು ಕ್ರಿ.ಶ. 1260ರ ಸುಮಾರಿನಲ್ಲಿ ರಚಿಸಿದ 'ಶಬ್ದಮಣಿದರ್ಪಣ'ದಲ್ಲಿ ಇದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. 1604ರಲ್ಲಿ ಭಟ್ಟಾಕಳಂಕನು ಸಂಸ್ಕೃತ ಸೂತ್ರಗಳಲ್ಲಿ ಬರೆದ 'ಕರ್ಣಾಟಕ ಶಬ್ದಾನುಶಾಸನ'ದಲ್ಲಿಯೂ ಈ ವಿಚಾರ ವಿಸ್ತಾರವಾಗಿ ಬಂದಿದೆ.

ಪುಸ್ತಕವನ್ನು ಮುಚ್ಚಿಟ್ಟು ನಮ್ಮ ಸೀಮೆಯನ್ನೊಮ್ಮೆ ಸುತ್ತಿದರೂ ತದ್ಧಿತ ಪ್ರಕರಣದ ಪಾಠವಾಗುತ್ತದೆ. ಚಳ್ಳಕೆರೆಯು ಶೇಂಗಾ ಎಣ್ಣೆಗೆ ಹೆಸರಾದ ಊರು. ಗಾಣವನ್ನು ಆಡಿಸುವವನು 'ಗಾಣಿಗ'. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು, ನೇಯುವವನು 'ನೇಕಾರ'. ಇನ್ನು ಮೂಡಲಿಗೆ ಆಂಧ್ರದ ಸೀಮೆ ಹತ್ತಿರ. ಎಷ್ಟೋ ಮನೆಗಳಲ್ಲಿ ತೆಲುಗು ಮನೆಮಾತು. ನಾವು 'ಆಟಗಾರ', 'ಬೇಟೆಗಾರ' ಎಂದರೆ ಅವರು 'ಆಟಗಾಡು', 'ವೇಟಗಾಡು' ಎನ್ನುತ್ತಾರೆ. ಆದರೆ ತೆಲುಗಿನಲ್ಲಿ ಗೌರವಾರ್ಥಕವಾಗಿ ಹೆಸರಿನ ಮುಂದೆ ಬರುವ 'ಗಾರು' ಎಂಬುದೇ ಬೇರೆ, ಕಸುಬನ್ನು ಹೇಳುವ ನಮ್ಮ 'ಗಾರ' ಎಂಬುದೇ ಬೇರೆ. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳು ಈ ಭೇದವನ್ನು ಎಳೆಯ ವಯಸ್ಸಿನಲ್ಲಿಯೇ ಗುರುತಿಸಬಲ್ಲರು. ಇದು ಅವರಿಗೆ ಸಹಜವಾಗಿ ಒದಗಿದ ಸಂಪತ್ತು.

ತಳಕಿನ ನೆಲವಂತೂ ಕನ್ನಡ ಪಾಂಡಿತ್ಯಕ್ಕೆ ತೌರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರು (1885–1939) ಈ ಊರಿನವರು. ಕುವೆಂಪು ಅವರು ತಮ್ಮ ಮಹಾಕಾವ್ಯ 'ಶ್ರೀ ರಾಮಾಯಣ ದರ್ಶನಂ' ಅನ್ನು ಅರ್ಪಿಸಿರುವುದು ಈ ಗುರುಗಳಿಗೇ. ಅವರ ತಮ್ಮ ತ. ಸು. ಶಾಮರಾಯರ, ಅದೇ ಮನೆತನದ ಕಾದಂಬರಿಕಾರ ತ. ರಾ. ಸುಬ್ಬರಾಯರ ಹೆಸರುಗಳ ಮೊದಲಲ್ಲಿರುವ 'ತ' ಎಂಬ ಒಂದಕ್ಷರದಲ್ಲಿ ಈ ಊರೇ ಅಡಗಿದೆ. ಇಂತಹ ಊರಿನ ಮಕ್ಕಳು ತಮ್ಮ ಬಾಯಲ್ಲಿ ಆಡುವ ಮಾತಿನ ವ್ಯಾಕರಣವನ್ನು ತಿಳಿಯದೆ ಹೋಗಬಾರದು.

ಇಂಗ್ಲಿಷಿನವರ ವಿನೋದ

ಪ್ರತ್ಯಯಗಳೊಡನೆ ಆಟವಾಡುವುದು ನಮ್ಮಲ್ಲಿ ಮಾತ್ರವೇ ಇರುವ ಅಭ್ಯಾಸವಲ್ಲ. 1957ರ ಅಕ್ಟೋಬರಿನಲ್ಲಿ ರಷ್ಯದವರು 'ಸ್ಪುಟ್ನಿಕ್' ಎಂಬ ಕೃತಕ ಉಪಗ್ರಹವನ್ನು ಹಾರಿಸಿದರು. ಮರುವರ್ಷವೇ ಅಮೆರಿಕದ ಪತ್ರಿಕೆಯೊಂದರಲ್ಲಿ ಸಂಪ್ರದಾಯವನ್ನು ಧಿಕ್ಕರಿಸಿದ ಯುವಕರನ್ನು 'ಬೀಟ್‌ನಿಕ್' ಎಂದು ಹಾಸ್ಯಮಾಡಲಾಯಿತು. ರಷ್ಯನ್ ಭಾಷೆಯ 'ನಿಕ್' ಎಂಬ ಬಾಲವು ಇಂಗ್ಲಿಷಿಗೆ ಹತ್ತಿದ್ದು ಹೀಗೆ. 1972ರಲ್ಲಿ ವಾಷಿಂಗ್ಟನ್ನಿನ 'ವಾಟರ್‌ಗೇಟ್' ಎಂಬ ಕಟ್ಟಡದಲ್ಲಿ ನಡೆದ ಕಳ್ಳತನದ ಪ್ರಕರಣವು ಅಧ್ಯಕ್ಷರ ಪದತ್ಯಾಗದಲ್ಲಿ ಮುಗಿಯಿತು. ಅಂದಿನಿಂದ ಹಗರಣವೆಂಬ ಅರ್ಥದಲ್ಲಿ ಯಾವ ಮಾತಿಗೆ ಬೇಕಾದರೂ 'ಗೇಟ್' ಎಂದು ಸೇರಿಸುವುದು ರೂಢಿಯಾಯಿತು. 2012ರಲ್ಲಿ ನಮ್ಮ ದೇಶದ ಕಲ್ಲಿದ್ದಲು ಹಂಚಿಕೆಯ ವಿವಾದವನ್ನು ಇಂಗ್ಲಿಷ್ ಪತ್ರಿಕೆಗಳು 'ಕೋಲ್‌ಗೇಟ್' ಎಂದು ಕರೆದಾಗ ಹಲ್ಲುಜ್ಜುವ ಪೇಸ್ಟನ್ನು ನೆನೆದು ನಗದವರು ವಿರಳ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. 'ಮ್ಯಾರಥಾನ್' ಎಂಬುದು ಗ್ರೀಸಿನ ಒಂದು ಊರಿನ ಹೆಸರು. ಅದರ ಕೊನೆಯ ತುಂಡಿಗೆ ದೀರ್ಘಕಾಲ ನಡೆಯುವುದು ಎಂಬ ಅರ್ಥ ಮೂಲದಲ್ಲಿ ಇರಲಿಲ್ಲ. ಜನರು ಆ ತುಂಡನ್ನು ಕತ್ತರಿಸಿ ಬಿಡುವಿಲ್ಲದ ಮಾತಿಗೆ 'ಟಾಕಥಾನ್' ಎಂದರು. 'ಹ್ಯಾಂಬರ್ಗರ್' ಎಂಬುದು ಹ್ಯಾಂಬರ್ಗ್ ನಗರದ ಹೆಸರಿನಿಂದ ಬಂದದ್ದು. ಅದನ್ನು ತಪ್ಪಾದ ಕಡೆ ಕತ್ತರಿಸಿ 'ಬರ್ಗರ್' ಮಾಡಿಕೊಂಡು 'ಚೀಸ್‌ಬರ್ಗರ್' ಎಂದರು. ಅಂದರೆ ಜನರು ಪದವನ್ನು ಕತ್ತರಿಸುವಾಗ ಶಾಸ್ತ್ರವನ್ನು ಕೇಳುವುದಿಲ್ಲ, ಕಿವಿಯನ್ನು ಕೇಳುತ್ತಾರೆ.

ನಮ್ಮ 'ಮೇಷ್ಟ್ರು' ಎಂಬ ಮಾತೂ ಇಂತಹದೇ. 'ಮಾಸ್ಟರ್' ಎಂಬುದರ ಕೊನೆಯ ರಕಾರಕ್ಕೆ ನಮ್ಮ ಪದ್ಧತಿಯಂತೆ ಉಕಾರ ಸೇರಿದಾಗ ಅದು 'ಅರು' ಎಂಬ ಬಹುವಚನದಂತೆ ಕೇಳಿಸಿತು. ಒಬ್ಬ ವ್ಯಕ್ತಿಗೆ ಬಹುವಚನವೆಂದರೆ ನಮ್ಮಲ್ಲಿ ಗೌರವ. ಆದ್ದರಿಂದ 'ಮೇಷ್ಟ್ರು ಬಂದರು' ಎಂಬುದು ಸಹಜವಾಗಿ ಹೊಂದಿಕೊಂಡಿತು. ಕೋಪ ಬಂದ ಹುಡುಗನು ಆ ಗೌರವವನ್ನು ಕಳೆದು 'ಮೇಷ್ಟ' ಎನ್ನುವುದೂ ಉಂಟು! ಅದು ಅವಿನಯವೇ ಆದರೂ, ಇಂಗ್ಲಿಷಿನ ಅಕ್ಷರವನ್ನು ಕನ್ನಡದ ಪ್ರತ್ಯಯವೆಂದು ಭಾವಿಸಿ ತೆಗೆದುಹಾಕಿದ ಜಾಣತನ ವ್ಯಾಕರಣದ ದೃಷ್ಟಿಯಿಂದ ಸ್ವಾರಸ್ಯಕರವಾಗಿದೆ.

'ಇಗ' ಪ್ರತ್ಯಯದ ಹೊಸ ಬಾಳು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಅಂತರ್ಜಾಲವನ್ನು ಬಳಸುವವರನ್ನು ನಮ್ಮ ಪತ್ರಿಕೆಗಳು 'ನೆಟ್ಟಿಗರು' ಎಂದು ಕರೆಯುತ್ತವೆ. ಬ್ಲಾಗ್ ಬರೆಯುವವನು 'ಬ್ಲಾಗಿಗ', ಟ್ವೀಟ್ ಮಾಡುವವನು 'ಟ್ವೀಟಿಗ'. ಮೊದಲು ನಗೆಗಾಗಿ ಹುಟ್ಟಿದಂತೆ ತೋರುವ ಈ ಮಾತುಗಳಲ್ಲಿ 'ನೆಟ್ಟಿಗ'ವಂತೂ ಈಗ ನಗೆಯ ಸೋಂಕಿಲ್ಲದೆ ಸುದ್ದಿಯ ತಲೆಬರಹದಲ್ಲಿ ಕುಳಿತಿದೆ. ಇದನ್ನು ಬಿಡಿಸಿ ನೋಡಿದರೆ ಹಳಗನ್ನಡದ ಸಂಧಿಪ್ರಕರಣವೇ ಕಾಣುತ್ತದೆ.

ಹಳಗನ್ನಡದಲ್ಲಿ ಕಣ್, ಕಲ್, ಕಾಲ್, ಪಾಲ್ ಎಂದು ವ್ಯಂಜನಾಂತವಾಗಿದ್ದ ಪದಗಳು ಮುಂದೆ ಸ್ವರಾಂತವಾದವು. ಕಣ್ ಎಂಬುದು 'ಕಣ್ಣು', ಕಲ್ ಎಂಬುದು 'ಕಲ್ಲು' ಆಯಿತು. ಆದರೆ ಕಾಲ್ ಎಂಬುದು 'ಕಾಲು', ಪಾಲ್ ಎಂಬುದು 'ಹಾಲು' ಆಯಿತೇ ಹೊರತು ಅಲ್ಲಿ ದ್ವಿತ್ವ ಬರಲಿಲ್ಲ. ಹ್ರಸ್ವಸ್ವರದ ಮುಂದೆ ವ್ಯಂಜನಕ್ಕೆ ದ್ವಿತ್ವ, ದೀರ್ಘಸ್ವರದ ಮುಂದೆ ದ್ವಿತ್ವವಿಲ್ಲ; ಇದೇ ನಿಯಮ. ಈಗ ಇಂಗ್ಲಿಷಿನಿಂದ ಬಂದ ಮಾತುಗಳನ್ನು ನೋಡಿರಿ. ಬಸ್ ಎಂಬುದು 'ಬಸ್ಸು', ಪೆನ್ ಎಂಬುದು 'ಪೆನ್ನು', ಮಿಲ್ ಎಂಬುದು 'ಮಿಲ್ಲು'. ಆದರೆ ಕಾರ್ ಎಂಬುದು 'ಕಾರು', ರೋಡ್ ಎಂಬುದು 'ರೋಡು', ಗೇಟ್ ಎಂಬುದು 'ಗೇಟು'. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಈ ನಿಯಮವನ್ನು ತಪ್ಪುವುದಿಲ್ಲ.

ಇದೇ ರೀತಿಯಲ್ಲಿ ನೆಟ್ ಎಂಬುದು 'ನೆಟ್ಟು' ಆಯಿತು. ಅದಕ್ಕೆ 'ಇಗ' ಪ್ರತ್ಯಯ ಪರವಾದಾಗ ಉಕಾರ ಲೋಪವಾಗಿ 'ನೆಟ್ಟಿಗ' ಎಂಬ ರೂಪ ಸಿದ್ಧಿಸಿತು. ಬ್ಲಾಗ್, ಟ್ವೀಟ್ ಎಂಬಲ್ಲಿ ಸ್ವರವು ದೀರ್ಘ. ಆದಕಾರಣ ಅಲ್ಲಿ 'ಬ್ಲಾಗ್ಗಿಗ' ಎಂದಾಗಲೀ 'ಟ್ವೀಟ್ಟಿಗ' ಎಂದಾಗಲೀ ಯಾರೂ ಹೇಳಲಿಲ್ಲ. ಈ ಮಾತುಗಳನ್ನು ಕಟ್ಟಿದವರು ಕೇಶಿರಾಜನ ಕಾಲದ ಕನ್ನಡಕ್ಕೆ ಸಲ್ಲುತ್ತಿದ್ದ ಕಟ್ಟಳೆಯನ್ನು ಯಂತ್ರಯುಗದ ಪದಕ್ಕೆ ಅನ್ವಯಿಸಿದರು; ಆದರೆ ಹಾಗೆ ಮಾಡುತ್ತಿದ್ದೇವೆಂದು ಬಹುಮಂದಿಗೆ ಅರಿವೇ ಇರಲಾರದು. ಭಾಷೆಯ ಒಳಶಕ್ತಿಯೆಂದರೆ ಇದು.

ಹೊರಗಿನ ಪ್ರಕೃತಿಗೆ 'ಇಗ' ಹತ್ತಿದ್ದು ಇದೇ ಮೊದಲಲ್ಲ. ಸಂಸ್ಕೃತದ 'ಕಾವ್ಯ' ಶಬ್ದವು ತದ್ಭವವಾಗಿ 'ಕಬ್ಬ' ಆಯಿತು. ಅದಕ್ಕೆ 'ಇಗ' ಸೇರಿ ಕವಿಯೆಂಬ ಅರ್ಥದಲ್ಲಿ 'ಕಬ್ಬಿಗ' ಹುಟ್ಟಿತು. ಸಂಸ್ಕೃತದ ತತ್ಸಮ ಶಬ್ದಗಳನ್ನು ದೂರವಿಟ್ಟು ಕಾವ್ಯ ಬರೆಯುವೆನೆಂದು ಹೊರಟ ಆಂಡಯ್ಯನ ಕೃತಿಗೆ 'ಕಬ್ಬಿಗರ ಕಾವ' ಎಂದೇ ಹೆಸರು. ಸಂಸ್ಕೃತದ ಬೇರಿನಿಂದ ಬಂದ ಪದವು ಅಚ್ಚಗನ್ನಡದ ಧ್ವಜವನ್ನೇ ಹಿಡಿದು ನಿಂತಿತು! ಅಂದು ಕಾವ್ಯವು ಕಬ್ಬವಾಗಿ ಕಬ್ಬಿಗನು ಬಂದಂತೆ ಇಂದು ನೆಟ್ ಎಂಬುದು ನೆಟ್ಟಾಗಿ ನೆಟ್ಟಿಗನು ಬಂದಿದ್ದಾನೆ. ದಾರಿ ಒಂದೇ, ಪ್ರಯಾಣಿಕರು ಬೇರೆ.

ಪಾರಸಿಯ ಬಾಲಗಳು

ಪ್ರಕೃತಿ ಹೊರಗಿನದಾಗಿ ಪ್ರತ್ಯಯ ನಮ್ಮದಾಗುವಂತೆ, ಪ್ರತ್ಯಯವೇ ಹೊರಗಿನಿಂದ ಬಂದು ನಮ್ಮ ಮನೆಯದಾಗುವುದೂ ಉಂಟು. 'ಉಳ್ಳವನು' ಎಂಬರ್ಥದ 'ದಾರ' ಪಾರಸಿಯದು. ಜಮೀನ್ದಾರ, ತಹಸೀಲ್ದಾರ ಮುಂತಾದ ಮಾತುಗಳೊಡನೆ ಅದು ಆಡಳಿತದ ಬಾಗಿಲಿನಿಂದ ಒಳಬಂದಿತು. ಬಂದ ಮೇಲೆ ನಮ್ಮ ಮಾತುಗಳಿಗೂ ಹತ್ತಿ ಪಾಲುದಾರ, ಗುತ್ತಿಗೆದಾರ ಎಂಬ ಪದಗಳನ್ನು ಕೊಟ್ಟಿತು. ಅಷ್ಟಕ್ಕೆ ನಿಲ್ಲದೆ ಇಂಗ್ಲಿಷಿನ ಪದಕ್ಕೂ ಹತ್ತಿ ಷೇರುದಾರ, ಪಿಂಚಣಿದಾರ ಎಂದಾಯಿತು. 'ಷೇರುದಾರ' ಎಂಬಲ್ಲಿ ಪ್ರಕೃತಿ ಇಂಗ್ಲಿಷ್, ಪ್ರತ್ಯಯ ಪಾರಸಿ, ನಡುವಣ ಉಕಾರ ಕನ್ನಡ. ಮೂರು ದೇಶಗಳ ನೀರು ಒಂದೇ ಕೊಡದಲ್ಲಿ ಕೂಡಿದೆ.

'ಗಿರಿ' ಎಂಬ ಬಾಲದ ಚರಿತ್ರೆ ಇನ್ನೂ ಸ್ವಾರಸ್ಯಕರ. ದಿವಾನಗಿರಿ ಎಂದರೆ ದಿವಾನರ ಪದವಿ, ಗುಮಾಸ್ತಗಿರಿ ಎಂದರೆ ಗುಮಾಸ್ತೆಯ ಕೆಲಸ. ಅಲ್ಲಿ ಹಾಸ್ಯವಿಲ್ಲ. ಕಾಲಾಂತರದಲ್ಲಿ ಅದು ಇಳಿಜಾರಿನಲ್ಲಿ ಜಾರಿ ದಾದಾಗಿರಿ, ಗೂಂಡಾಗಿರಿ, ಚಮಚಾಗಿರಿ ಎಂಬ ಮಾತುಗಳಲ್ಲಿ ಬಯ್ಗುಳದ ಧಾಟಿಯನ್ನು ಪಡೆಯಿತು. 'ರೌಡಿ', 'ಲೀಡರ್' ಎಂಬ ಇಂಗ್ಲಿಷ್ ಮಾತುಗಳಿಗೂ ಹತ್ತಿ ರೌಡಿಗಿರಿ, ಲೀಡರ್‌ಗಿರಿ ಎಂದಾಯಿತು. 2006ರ ಹಿಂದಿ ಚಲನಚಿತ್ರವೊಂದು 'ಗಾಂಧೀಗಿರಿ' ಎಂಬ ಮಾತನ್ನು ಬಳಕೆಗೆ ತಂದು, ಕೆಳಗೆ ಬಿದ್ದಿದ್ದ ಪ್ರತ್ಯಯವನ್ನು ಕೈಹಿಡಿದು ಮೇಲಕ್ಕೆತ್ತಿತು. ಪದಗಳಿಗೂ ಪತನ ಮತ್ತು ಉದ್ಧಾರಗಳುಂಟು.

ತಿನ್ನುವವನು ಎಂಬರ್ಥದ 'ಕೋರ' (ಮೂಲದಲ್ಲಿ 'ಖೋರ') ಕೂಡ ಪಾರಸಿಯಿಂದಲೇ ಬಂದದ್ದು. ಲಂಚಕೋರ, ಚಾಡಿಕೋರ, ಲಾಭಕೋರ ಎಂಬಲ್ಲಿ ತಿನ್ನುವ ಅರ್ಥ ಮಾಸಿ ದುರಭ್ಯಾಸದವನು ಎಂಬ ಅರ್ಥ ಉಳಿದಿದೆ.

ಸಂಸ್ಕೃತದ ನಿಲುವಂಗಿ

ಸಂಸ್ಕೃತದ ಪ್ರತ್ಯಯಗಳೂ ಈ ವಿನೋದದಿಂದ ತಪ್ಪಿಸಿಕೊಂಡಿಲ್ಲ. 'ಭಾರತೀಯ', 'ಪ್ರಾಂತೀಯ' ಎಂಬಲ್ಲಿರುವ 'ಈಯ' ಪ್ರತ್ಯಯವು ಇಂಗ್ಲಿಷಿನ 'ಸಿನಿಮಾ'ಕ್ಕೆ ಹತ್ತಿ 'ಸಿನಿಮೀಯ' ಎಂದಾಯಿತು. 'ಸಿನಿಮೀಯ ರೀತಿಯಲ್ಲಿ ಕಳ್ಳನನ್ನು ಹಿಡಿದರು' ಎಂಬಂತಹ ವಾಕ್ಯಗಳು ಪತ್ರಿಕೆಗಳಲ್ಲಿ ಸಾಮಾನ್ಯ.

ಹಿಂದೆ ಹಾಗಿರದಿದ್ದುದು ಹಾಗಾಗುವುದು, ಅಂದರೆ ಅಭೂತತದ್ಭಾವ ಎಂಬ ಅರ್ಥದಲ್ಲಿ ಪಾಣಿನಿಯು ಒಂದು ಪ್ರತ್ಯಯವನ್ನು ವಿಧಿಸಿದ್ದಾನೆ. ಅದರ ಫಲವಾಗಿ ಬಂದುದೇ 'ಈಕರಣ' ಎಂಬ ರೂಪ. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದಾಗ ಈ ಮಾತು ಎಲ್ಲರ ಕಿವಿಗೂ ಬಿತ್ತು. ಈಗ ಹಳ್ಳಿಯ ರಸ್ತೆಗೆ ಡಾಂಬರು ಹಾಕಿದರೆ 'ಡಾಂಬರೀಕರಣ', ಸಿಮೆಂಟು ಹಾಕಿದರೆ 'ಕಾಂಕ್ರೀಟೀಕರಣ'. ಹಿಂದೆ ಡಾಂಬರಾಗಿರದ ರಸ್ತೆ ಡಾಂಬರಾಯಿತು ಎಂಬ ಅರ್ಥ ಪಾಣಿನಿಯ ಲಕ್ಷಣಕ್ಕೆ ತಕ್ಕಂತೆಯೇ ಇದೆ!

ಇಲ್ಲಿ ಶಾಸ್ತ್ರಜ್ಞರ ಆಕ್ಷೇಪವೊಂದು ಏಳಬಹುದು. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಕೂಡಿಸಿ ಸಮಾಸ ಮಾಡುವುದು ಅರಿಸಮಾಸವೆಂಬ ದೋಷವಲ್ಲವೇ? 'ಕವಿರಾಜಮಾರ್ಗ'ವೂ ಅಂತಹ ಬೆರಕೆಯನ್ನು ಕಾದ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ನಿಂದಿಸಿಲ್ಲವೇ? ನಿಜ. ಆದರೆ ಆ ನಿಷೇಧವಿರುವುದು ಎರಡು ಪದಗಳ ಸಮಾಸಕ್ಕೆ, ಪ್ರತ್ಯಯಯೋಗಕ್ಕೆ ಅಲ್ಲ. ಪ್ರತ್ಯಯವು ಸ್ವತಂತ್ರ ಪದವಲ್ಲದ ಕಾರಣ ಅದು ಹತ್ತಿದ ಪದದ ಸೇವೆಗೆ ನಿಲ್ಲುತ್ತದೆ. ಸಮಾಸದಲ್ಲಿಯೂ ಬಿರುದಾವಳಿಗಳಿಗೆ ಕೇಶಿರಾಜನು ವಿನಾಯಿತಿ ಕೊಟ್ಟಿದ್ದಾನೆ. ರೂಢಿಯನ್ನು ಬಲ್ಲವನಾದ್ದರಿಂದಲೇ ಅವನು ದೊಡ್ಡ ವೈಯಾಕರಣ.

ಪದವೇ ಬಾಲವಾದ ಬಗೆ

ನಮ್ಮ ಅಚ್ಚಗನ್ನಡದ ವಿನೋದದ ಬಾಲಗಳು ಬಹುಮಟ್ಟಿಗೆ ಹಿಂದೆ ಸ್ವತಂತ್ರ ಪದಗಳೇ ಆಗಿದ್ದವು. 'ಕೇಡು' ಎಂಬುದರಿಂದ ಬಂದ 'ಕೇಡಿ'ಯು ಉತ್ತರಪದವಾದಾಗ ಗಕಾರಾದೇಶವಾಗಿ ನಾಚಿಕೆಗೇಡಿ, ಹೊಣೆಗೇಡಿ ಎಂದಾಯಿತು. 'ಕಳ್ಳ' ಶಬ್ದವು 'ಮೈಗಳ್ಳ'ದಲ್ಲಿ ಬಾಲವಾಗಿದೆ. ಬಾಯಿಬಡುಕ, ಅಂಜುಬುರುಕ, ತಿಂಡಿಪೋತ, ಹೊಟ್ಟೆಬಾಕ ಮುಂತಾದವು ಈ ಕುಟುಂಬಕ್ಕೆ ಸೇರಿದವು. ಇವುಗಳನ್ನು ಶಾಸ್ತ್ರೀಯವಾಗಿ ಸಮಾಸಗಳೆಂದೇ ಹೇಳಬೇಕಾದರೂ ಜನರ ಬಾಯಲ್ಲಿ ಇವು ಪ್ರತ್ಯಯಗಳಂತೆಯೇ ವರ್ತಿಸುತ್ತವೆ. ಮೊಬೈಲನ್ನು ಕೆಳಗಿಡದ ಹುಡುಗನನ್ನು ಮನೆಯವರು 'ಮೊಬೈಲ್‌ಬಡುಕ' ಎಂದರೆ ಅರ್ಥ ಕೇಳುವವರಿಲ್ಲ.

ಬಂಧುವಾಚಕಗಳೂ ಹೀಗೆಯೇ. ಡಾಕ್ಟರಮ್ಮ, ಟೀಚರಮ್ಮ, ನರ್ಸಮ್ಮ, ಪೊಲೀಸಪ್ಪ, ಕಂಡಕ್ಟರಣ್ಣ ಎಂಬ ಮಾತುಗಳಲ್ಲಿ ಅಪರಿಚಿತವಾದ ಉದ್ಯೋಗವು ಪರಿಚಿತವಾದ ನಂಟಾಗಿ ಬದಲಾಗಿದೆ. ಹಳ್ಳಿಯವರು ಸರ್ಕಾರವನ್ನೂ ಆಸ್ಪತ್ರೆಯನ್ನೂ ತಮ್ಮ ಅಂಗಳಕ್ಕೆ ಬರಮಾಡಿಕೊಂಡ ಪರಿ ಇದು. ಇಂಗ್ಲಿಷಿನವರ 'ಗೇಟ್' ಬಾಲದಲ್ಲಿ ಹಗರಣವಿದ್ದರೆ ನಮ್ಮ 'ಅಮ್ಮ', 'ಅಣ್ಣ'ಗಳಲ್ಲಿ ಅಕ್ಕರೆಯಿದೆ.

ಕ್ರಿಯಾಪದಗಳ ವಿಷಯವನ್ನು ಸಂಗ್ರಹವಾಗಿ ಹೇಳಿ ಮುಗಿಸಬಹುದು. 'ಇಸು' ಪ್ರತ್ಯಯವು ಹಿಂದೂಸ್ಥಾನಿಯ ಮಾತುಗಳಿಗೆ ಹತ್ತಿ ಚಲಾಯಿಸು, ನಿಭಾಯಿಸು, ರವಾನಿಸು, ಜಮಾಯಿಸು ಎಂಬ ಧಾತುಗಳನ್ನು ಕೊಟ್ಟಿದೆ. ಇಂಗ್ಲಿಷಿನ ಮಾತುಗಳೊಡನೆ ಮಾತ್ರ ನಾವು ಹೆಚ್ಚಾಗಿ 'ಮಾಡು', 'ಆಗು' ಎಂಬವನ್ನೇ ನಂಬಿದ್ದೇವೆ: ಫೋನ್ ಮಾಡು, ಪಾಸಾಗು. 'ಗೂಗಲಿಸು' ಎಂದು ಯಾರಾದರೂ ನಗುತ್ತ ಹೇಳಿದರೆ ಅದನ್ನು ತಳ್ಳಿಹಾಕುವ ಕಾರಣವಿಲ್ಲ. 'ನಿಭಾಯಿಸು' ಎಂಬುದೂ ಒಂದು ಕಾಲಕ್ಕೆ ಹೊಸದಾಗಿಯೇ ಕೇಳಿಸಿರಬೇಕು.

ಇದರಿಂದ ಕಲಿಯಬೇಕಾದುದೇನು?

ಹಳ್ಳಿಯ ವಿದ್ಯಾರ್ಥಿಗಳು ಪಟ್ಟಣದ ಕಾಲೇಜಿಗೆ ಹೋದಾಗ 'ಬಸ್ಸು', 'ರೋಡು', 'ಪೆನ್ನು' ಎಂದರೆ ಸಹಪಾಠಿಗಳು ನಗುವುದುಂಟು. ಆ ನಗೆಗೆ ಹೆದರಿ ಎಷ್ಟೋ ಮಕ್ಕಳು ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾರೆ. ಅಂತಹವರು ತಿಳಿಯಬೇಕಾದುದು ಇಷ್ಟೆ. ಇಂಗ್ಲಿಷ್ ಆಡುವಾಗ ಇಂಗ್ಲಿಷಿನ ಉಚ್ಚಾರಣೆಯನ್ನು ಕಲಿತು ಆಡಬೇಕು. ಅದು ಆ ಭಾಷೆಗೆ ಸಲ್ಲುವ ಮರ್ಯಾದೆ. ಕನ್ನಡ ಆಡುವಾಗ 'ಬಸ್ಸು' ಎನ್ನುವುದು ಅಜ್ಞಾನವಲ್ಲ. ಅದು ಕಣ್ಣು, ಕಲ್ಲುಗಳ ಸಾಲಿನಲ್ಲಿ ನಿಂತ ಶುದ್ಧವಾದ ಕನ್ನಡ ರೂಪ. ನಾಚಿಕೆ ಪಡಬೇಕಾದ ಕಾರಣ ಎಳ್ಳಷ್ಟೂ ಇಲ್ಲ.

ನಿಜವಾದ ಆತಂಕ ಬೇರೊಂದು ಕಡೆಯಲ್ಲಿದೆ. ಈಚೆಗೆ ಇಂಗ್ಲಿಷ್ ಮಾತುಗಳು ತಮ್ಮ ಪ್ರತ್ಯಯಗಳನ್ನೂ ಹೊತ್ತುಕೊಂಡೇ ಬರುತ್ತಿವೆ. 'ಫ್ರೆಂಡ್ಸ್‌ಗಳು' ಎಂಬಲ್ಲಿ ಇಂಗ್ಲಿಷಿನ ಬಹುವಚನದ ಮೇಲೆ ಕನ್ನಡದ ಬಹುವಚನ ಕುಳಿತಿದೆ. 'ಬಸ್ಸುಗಳು' ಎಂದಾಗ ದುಡಿಯುವ ನಮ್ಮ 'ಗಳು' ಇಲ್ಲಿ ಕೆಲಸವಿಲ್ಲದೆ ಸುಮ್ಮನೆ ನಿಂತಿದೆ. ನೆಟ್ ಎಂಬ ಪದ ಬಂದರೆ ಕನ್ನಡಕ್ಕೆ ನಷ್ಟವಿಲ್ಲ, ಏಕೆಂದರೆ ನಾವು 'ನೆಟ್ಟಿಗ'ನನ್ನು ಕಟ್ಟಬಲ್ಲೆವು. 'ಇಗ', 'ಗಾರ', 'ತನ'ಗಳು ನಿರುದ್ಯೋಗಿಗಳಾದರೆ ಮಾತ್ರ ನಷ್ಟ. ಆಗ ನಮಗೆ ಉಳಿಯುವುದು ಎರವಲು ತಂದ ಸಾಮಾನಿನ ಉಗ್ರಾಣ. ಕಟ್ಟುವ ಕೈಯೇ ಇಲ್ಲವಾದ ಮೇಲೆ ಕಲ್ಲುಮರಗಳಿದ್ದು ಫಲವೇನು?

ಕೊನೆಯದಾಗಿ ಎರಡು ಎಚ್ಚರಿಕೆಗಳು. ವಿನೋದದ ಮಾತಿಗೆ ಅದರದೇ ಆದ ಸ್ಥಳವಿದೆ. ಅರ್ಜಿಯಲ್ಲಿ, ಪರೀಕ್ಷೆಯ ಉತ್ತರದಲ್ಲಿ 'ಗೂಗಲಿಸಿದೆನು' ಎಂದು ಬರೆಯುವುದು ಮದುವೆಯ ಮನೆಗೆ ಕಬಡ್ಡಿಯ ಉಡುಪಿನಲ್ಲಿ ಹೋದಂತೆ. ಎರಡನೆಯದಾಗಿ, ಬಡುಕ, ಬುರುಕ, ಗೇಡಿ ಎಂಬ ಬಾಲಗಳಿಗೆ ಮುಳ್ಳುಗಳಿವೆ. ಸಹಪಾಠಿಯ ಬಡತನಕ್ಕೋ ಅಂಗದೋಷಕ್ಕೋ ಮನೆಮಾತಿಗೋ ಅಂತಹ ಬಾಲವನ್ನು ಕಟ್ಟಿದರೆ ಅದು ವಿನೋದವಾಗದೆ ಹಿಂಸೆಯಾಗುತ್ತದೆ. ಪ್ರತ್ಯಯವು ಒಂದೆರಡು ಅಕ್ಷರದ್ದಾದರೂ ಅದು ಮಾಡಿದ ಗಾಯ ವರ್ಷಗಟ್ಟಲೆ ಮಾಯದಿರಬಹುದು. ಪದವನ್ನು ಕಟ್ಟುವ ಶಕ್ತಿಯುಳ್ಳವನಿಗೆ ಎಲ್ಲಿ ಕಟ್ಟಬಾರದೆಂಬ ವಿವೇಕವೂ ಇರಬೇಕು.

ವಿದ್ಯಾರ್ಥಿಗಳಿಗೆ ಅಭ್ಯಾಸ

1. ಬಸ್ಸು, ಮಿಲ್ಲು, ಪೆನ್ನು ಎಂಬಲ್ಲಿ ದ್ವಿತ್ವವಿದೆ. ಕಾರು, ರೋಡು, ಗೇಟು ಎಂಬಲ್ಲಿ ಇಲ್ಲ. ಕಾರಣವನ್ನು ಹಳಗನ್ನಡದ ಉದಾಹರಣೆಗಳೊಡನೆ ವಿವರಿಸಿರಿ.

2. ಚಂದ್ರಗಿರಿ, ದಿವಾನಗಿರಿ, ದಾದಾಗಿರಿ: ಈ ಮೂರರಲ್ಲಿ 'ಗಿರಿ' ಎಂಬುದರ ಅರ್ಥಭೇದವನ್ನು ತಿಳಿಸಿರಿ.

3. 'ಕನ್ನಡಿಗ' ಎಂಬುದಕ್ಕೆ ಸ್ತ್ರೀಲಿಂಗ 'ಕನ್ನಡತಿ', 'ಗಾಣಿಗ' ಎಂಬುದಕ್ಕೆ 'ಗಾಣಗಿತ್ತಿ'. ಹಾಗಾದರೆ 'ನೆಟ್ಟಿಗ' ಎಂಬುದಕ್ಕೆ ಸ್ತ್ರೀಲಿಂಗ ಯಾವುದಾಗಬೇಕು? ಸಕಾರಣವಾಗಿ ಸೂಚಿಸಿರಿ.

4. ನಿಮ್ಮ ಊರಿನ ಸಂತೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ ಕೇಳಿದ ಇಂತಹ 10 ಮಾತುಗಳನ್ನು ಸಂಗ್ರಹಿಸಿ, ಪ್ರಕೃತಿ–ಪ್ರತ್ಯಯಗಳನ್ನು ಬಿಡಿಸಿ ಬರೆಯಿರಿ. ಮನೆಯಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಮಾತನಾಡುವವರು ಆ ಭಾಷೆಯ ಮಾತುಗಳನ್ನೂ ಸೇರಿಸಬಹುದು.